2ಯು + 3ವಿ ಕೇಳಿದರೆ 15 ಸಂಖ್ಯೆ ಬರುವುದೇಕೆ?

ಪ್ರಶ್ನೆ: ನಾನು ಬಿಎಸ್ಸಿ ಓದುತ್ತಿದ್ದೇನೆ. ಗಣಿತದ ಲ್ಯಾಬಿನಲ್ಲಿ ಯು = (1, 2, 3), ವಿ = (4, 5, 6) ಎಂಬ ಎರಡು ವೆಕ್ಟರ್ ಕೊಟ್ಟು 2ಯು + 3ವಿ ಲೆಕ್ಕ ಮಾಡಲು ಹೇಳಿದರು. ಕೈಯಲ್ಲಿ ಮಾಡಿದರೆ (14, 19, 24) ಬರುತ್ತದೆ. ಪೈಥಾನ್‌ನಲ್ಲಿ ಮಾಡಿದಾಗ 15 ಸಂಖ್ಯೆಗಳ ಉದ್ದನೆಯ ಪಟ್ಟಿ ಬಂತು. ಆಕ್ಟೇವ್‌ನಲ್ಲಿ 3×3 ಮ್ಯಾಟ್ರಿಕ್ಸ್ ಬಂತು. ಅದನ್ನೇ ಗೆಳತಿ ಸೈಲ್ಯಾಬ್‌ನಲ್ಲಿ ಹಾಕಿದಳು, ಅವಳಿಗೆ ಎರರ್. ಆಮೇಲೆ ಯು ಮತ್ತು ವಿ ಸೇರಿಸಿ (7, 8, 9) ಮಾಡಬೇಕಾದರೆ ಎಷ್ಟೆಷ್ಟರಿಂದ ಗುಣಿಸಬೇಕು ಅಂತ ಕಂಡುಹಿಡಿಯಲು ಹೋದರೆ ಅಲ್ಲೂ ಎರರ್. ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನಿಮ್ಮ ಗಣಿತದಲ್ಲಿ ತಪ್ಪಿಲ್ಲ. (14, 19, 24) ಸರಿಯಾದ ಉತ್ತರವೇ. ಸಾಫ್ಟ್‌ವೇರ್‌ಗೆ ಆ ವೆಕ್ಟರ್‌ಗಳನ್ನು ಕೊಟ್ಟ ರೀತಿಯಲ್ಲಿ ಎಡವಟ್ಟಾಗಿದೆ. ಇನ್ನೊಂದು ಮಾತು. ನಿಮ್ಮಿಬ್ಬರಲ್ಲಿ ಒಳ್ಳೆಯ ಸ್ಥಿತಿಯಲ್ಲಿ ಇರುವುದು ನಿಮ್ಮ ಗೆಳತಿ. ಅವಳಿಗೆ ಎರರ್ ಬಂತು, ಹಾಗಾಗಿ ಏನೋ ಸರಿಯಿಲ್ಲ ಅಂತ ತಕ್ಷಣ ಗೊತ್ತಾಯಿತು. ನಿಮ್ಮ ಕಂಪ್ಯೂಟರ್ ಏನೂ ಹೇಳದೆ ತಪ್ಪು ಉತ್ತರ ಕೊಟ್ಟಿತು. ಲೆಕ್ಕ ಚಿಕ್ಕದಾಗಿದ್ದರಿಂದ ನಿಮಗೆ ಅನುಮಾನ ಬಂತು. 200 ಸಂಖ್ಯೆಗಳ ವೆಕ್ಟರ್ ಆಗಿದ್ದರೆ ಬರುತ್ತಿರಲಿಲ್ಲ. ಆದ್ದರಿಂದ ಈ ಉತ್ತರದಲ್ಲಿ ಎರರ್ ಮೆಸೇಜ್‌ಗಳಿಗಿಂತ, ಎರರ್ ಬಾರದ ತಪ್ಪುಗಳ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಇಲ್ಲಿ ಆಜ್ಞೆಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಮೊದಲು ಪೈಥಾನ್ ನೋಡೋಣ. ನೀವು ಬಹುಶಃ ಹೀಗೆ ಬರೆದಿರುತ್ತೀರಿ:

ಯು = [1, 2, 3]
ವಿ = [4, 5, 6]
2*ಯು + 3*ವಿ

ಚೌಕ ಆವರಣದಲ್ಲಿ ಬರೆದದ್ದು ಪೈಥಾನ್ ಕಣ್ಣಿಗೆ ವೆಕ್ಟರ್ ಅಲ್ಲ, ಲಿಸ್ಟ್. ಅದರಲ್ಲಿ ಸಂಖ್ಯೆಗಳೇ ಇರಬೇಕೆಂದಿಲ್ಲ, ಹೆಸರುಗಳೂ ಇರಬಹುದು. ಹಾಗಾಗಿ ಲಿಸ್ಟ್‌ಗೆ ಗುಣಾಕಾರ ಅಂದರೆ ಅಷ್ಟು ಸಲ ಮತ್ತೆ ಮತ್ತೆ ಬರೆಯುವುದು. ಕೂಡುವುದು ಅಂದರೆ ಒಂದರ ಹಿಂದೆ ಒಂದನ್ನು ಜೋಡಿಸುವುದು. ಯು ಎರಡು ಸಲ ಬಂದರೆ 6 ಸಂಖ್ಯೆ, ವಿ ಮೂರು ಸಲ ಬಂದರೆ 9. ಒಟ್ಟು 15. ನಿಮಗೆ ಬಂದದ್ದು ಅದೇ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. 2ಯು − ವಿ ಬೇಕಾಗಿ 2*ಯು + (-1)*ವಿ ಅಂತ ಬರೆದಿರಿ ಅಂದುಕೊಳ್ಳಿ. ಲಿಸ್ಟನ್ನು −1ರಿಂದ ಗುಣಿಸಿದರೆ ಖಾಲಿ ಲಿಸ್ಟ್ ಬರುತ್ತದೆ. ವಿ ಪೂರ್ತಿ ಮಾಯ. ಎರರ್ ಇಲ್ಲ. ಅದೇ 2.5*ಯು ಅಂತ ಬರೆದರೆ ಮಾತ್ರ ಪೈಥಾನ್ ತಕರಾರು ತೆಗೆಯುತ್ತದೆ: ಸೀಕ್ವೆನ್ಸನ್ನು ಪೂರ್ಣಾಂಕವಲ್ಲದ ಫ್ಲೋಟ್‌ನಿಂದ (ದಶಾಂಶ ಸಂಖ್ಯೆಯಿಂದ) ಗುಣಿಸಲು ಆಗದು ಅಂತ. ಆ ಮೆಸೇಜಿನಲ್ಲಿ ಸೀಕ್ವೆನ್ಸ್ ಎಂಬ ಪದ ಕಂಡರೆ ಬೇರೇನೂ ಹುಡುಕಬೇಡಿ. ನಿಮ್ಮ ಕೈಯಲ್ಲಿ ಇರುವುದು ಲಿಸ್ಟ್, ವೆಕ್ಟರ್ ಅಲ್ಲ. ಕೀಬೋರ್ಡಿನಿಂದ ಇನ್‌ಪುಟ್ ಮೂಲಕ ಗುಣಾಂಕ ತೆಗೆದುಕೊಂಡಾಗಲೂ ಇಂಥದ್ದೇ ಮೆಸೇಜ್ ಬರುತ್ತದೆ, ಕೊನೆಯಲ್ಲಿ ಫ್ಲೋಟ್ ಬದಲು ಎಸ್‌ಟಿಆರ್ ಅಂತಿರುತ್ತದೆ. ಇನ್‌ಪುಟ್ ಕೊಡುವುದು ಯಾವಾಗಲೂ ಅಕ್ಷರಗಳನ್ನು. ಅದನ್ನು ಫ್ಲೋಟ್ ಆಗಿ ಬದಲಾಯಿಸಿಕೊಳ್ಳಬೇಕು.

ಪರಿಹಾರ ಸುಲಭ. ಪೈಥಾನ್‌ನ ನಮ್‌ಪೈ ಎಂಬ ಗಣಿತದ ಲೈಬ್ರರಿಯನ್ನು ಎನ್‌ಪಿ ಹೆಸರಿನಲ್ಲಿ ಇಂಪೋರ್ಟ್ ಮಾಡಿ, ಲಿಸ್ಟನ್ನು ಅರೇ ಮಾಡಿಕೊಳ್ಳಿ: ಯು = ಎನ್‌ಪಿ.ಅರೇ([1, 2, 3]). ವಿಗೂ ಹಾಗೆಯೇ. ಈಗ 2*ಯು + 3*ವಿ ಹಾಕಿದರೆ [14 19 24] ಬರುತ್ತದೆ. ಪ್ರಿಂಟ್ ಮಾಡಿದಾಗ ಸಂಖ್ಯೆಗಳ ನಡುವೆ ಅಲ್ಪವಿರಾಮ ಇದ್ದರೆ ಲಿಸ್ಟ್, ಇಲ್ಲದಿದ್ದರೆ ಅರೇ. ಲ್ಯಾಬಿನಲ್ಲಿ ಒಂದೇ ನೋಟಕ್ಕೆ ಗುರುತು ಹಿಡಿಯಲು ಇಷ್ಟು ಸಾಕು.

ಗುಣಿಸುವ ಚಿಹ್ನೆ ಬಿಡಬೇಡಿ. ಪುಸ್ತಕದಲ್ಲಿ 2ಯು ಅಂತ ಬರೆದರೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. 2(ಯು + ವಿ) ಅಂತ ಬರೆದರೆ ಪೈಥಾನ್ 2 ಅನ್ನು ಫಂಕ್ಷನ್ ಅಂದುಕೊಂಡು ಕರೆಯಲು ಹೋಗುತ್ತದೆ. ಆಮೇಲೆ ಇಂಟ್ ಅನ್ನು ಕರೆಯಲು ಬರುವುದಿಲ್ಲ ಅನ್ನುತ್ತದೆ.

ಇಲ್ಲಿ ನಮ್ಮ ಪಿಯುಸಿ ಅಭ್ಯಾಸವೊಂದು ತೊಂದರೆ ಕೊಡುತ್ತದೆ. ಐ, ಜೆ, ಕೆ ಅಂತ ಯೂನಿಟ್ ವೆಕ್ಟರ್ ಬರೆದು ಕಲಿತವರು ನಾವು. ಆಕ್ಟೇವ್‌ನಲ್ಲಿ ಐ ಮತ್ತು ಜೆ ಎರಡೂ −1ರ ವರ್ಗಮೂಲ. 3ಐ + 4ಜೆ ಅಂತ ಟೈಪ್ ಮಾಡಿದರೆ ಎರರ್ ಬರುವುದಿಲ್ಲ, 0 + 7ಐ ಅಂತ ಒಂದು ಕಾಂಪ್ಲೆಕ್ಸ್ ಸಂಖ್ಯೆ ಬರುತ್ತದೆ. ಮೊದಲೇ ಐ = [1 0 0] ಅಂತ ಬರೆದುಕೊಂಡಿದ್ದರೂ ಪ್ರಯೋಜನವಿಲ್ಲ. ಅಂಕಿಗೆ ಅಂಟಿಸಿ ಬರೆದ 3ಐ ಕಾಲ್ಪನಿಕ ಸಂಖ್ಯೆಯಾಗಿಯೇ ಉಳಿಯುತ್ತದೆ. ಪೈಥಾನ್‌ನಲ್ಲೂ 4ಜೆ ಕಾಲ್ಪನಿಕ ಸಂಖ್ಯೆಯೇ. ಆದ್ದರಿಂದ ಯೂನಿಟ್ ವೆಕ್ಟರ್‌ಗಳಿಗೆ ಇ1, ಇ2, ಇ3 ಅಂತ ಹೆಸರಿಡಿ.

ಈಗ ಆಕ್ಟೇವ್‌ನ 3×3 ಮ್ಯಾಟ್ರಿಕ್ಸ್‌ಗೆ ಬರೋಣ. ನಿಮ್ಮ ಪ್ರಶ್ನೆಯಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ ಭಾಗ ಇದು. ಯು ಅನ್ನು [1 2 3] ಅಂತ ಬರೆದಿದ್ದೀರಿ, ವಿ ಅನ್ನು [4; 5; 6] ಅಂತ. ಅರ್ಧವಿರಾಮ ಹಾಕಿದ ಕಡೆ ಹೊಸ ಸಾಲು ಶುರುವಾಗುತ್ತದೆ. ಅಂದರೆ ಯು ಒಂದು ಅಡ್ಡಸಾಲು, ಅದರ ಅಳತೆ 1×3. ವಿ ಒಂದು ಕಂಬಸಾಲು, ಅದರ ಅಳತೆ 3×1. ನಿಮಗೆ ಬಂದದ್ದು ಇದೇ ಇರಬೇಕು:

14 16 18
17 19 21
20 22 24

ಇದರ ಕರ್ಣವನ್ನು ನೋಡಿ. ಎಡಮೇಲಿನಿಂದ ಬಲಕೆಳಕ್ಕೆ 14, 19, 24. ನಿಮ್ಮ ಸರಿಯಾದ ಉತ್ತರ ಅಲ್ಲೇ ಕೂತಿದೆ! ಸುತ್ತ ಇರುವ ಆರು ಸಂಖ್ಯೆಗಳು ಬೇಡದವು. ಆಕ್ಟೇವ್ ಮಾಡಿದ್ದು ಇಷ್ಟು: 2ಯು ಅಡ್ಡಸಾಲನ್ನು ಕೆಳಕ್ಕೆ ಮೂರು ಸಲ ನಕಲು ಮಾಡಿತು, 3ವಿ ಕಂಬಸಾಲನ್ನು ಪಕ್ಕಕ್ಕೆ ಮೂರು ಸಲ ನಕಲು ಮಾಡಿತು, ಎರಡನ್ನೂ ಕೂಡಿತು. ಇದಕ್ಕೆ ಬ್ರಾಡ್‌ಕಾಸ್ಟಿಂಗ್ ಅನ್ನುತ್ತಾರೆ. ಆಕ್ಟೇವ್‌ಗೆ ಇದು 3.6ನೇ ಆವೃತ್ತಿಯಲ್ಲಿ ಬಂತು. ಅದರಂಥದ್ದೇ ಸಾಫ್ಟ್‌ವೇರ್ ಆದ ಮ್ಯಾಟ್‌ಲ್ಯಾಬ್‌ಗೆ 2016ರ ಬಿ ಆವೃತ್ತಿಯಲ್ಲಿ ಬಂತು. ಅದಕ್ಕಿಂತ ಹಳೆಯ ಮ್ಯಾಟ್‌ಲ್ಯಾಬ್ ಇದೇ ಸಾಲಿಗೆ ಮ್ಯಾಟ್ರಿಕ್ಸ್ ಅಳತೆಗಳು ಹೊಂದಬೇಕು ಅಂತ ಎರರ್ ಕೊಡುತ್ತಿತ್ತು. ಹಳೆಯ ಪುಸ್ತಕದಲ್ಲಿ ಎರರ್ ಬರುತ್ತದೆ ಅಂತ ಬರೆದ ಕಡೆ ಈಗ ಉತ್ತರ ಬರುವುದು ಈ ಕಾರಣಕ್ಕೆ. ಸೈಲ್ಯಾಬ್ ಹೀಗೆ ಹಿಗ್ಗಿಸುವುದಿಲ್ಲ. ಅಡ್ಡಸಾಲು, ಕಂಬಸಾಲು ಕೂಡಿಸಿದರೆ ಅಳತೆ ಹೊಂದುತ್ತಿಲ್ಲ ಅನ್ನುತ್ತದೆ. ನಿಮ್ಮ ಗೆಳತಿಗೆ ಬಂದದ್ದು ಅದು.

ಬ್ರಾಡ್‌ಕಾಸ್ಟಿಂಗ್ ತಪ್ಪು ಅಂತ ನಾನು ಹೇಳುವುದಿಲ್ಲ. ದೊಡ್ಡ ಡೇಟಾದಲ್ಲಿ ಪ್ರತಿ ಕಂಬಸಾಲಿನಿಂದ ಅದರ ಸರಾಸರಿ ಕಳೆಯುವಾಗ ಅದು ಬಹಳ ಉಪಯೋಗಕ್ಕೆ ಬರುತ್ತದೆ. ಆದರೆ ವೆಕ್ಟರ್ ಕಲಿಯುತ್ತಿರುವವರಿಗೆ ಅದು ತಪ್ಪನ್ನು ಮುಚ್ಚಿಡುತ್ತದೆ. ಅದಕ್ಕೇ ಕೂಡುವ ಮೊದಲು ಅಳತೆ ಕೇಳುವ ಅಭ್ಯಾಸ ಮಾಡಿಕೊಳ್ಳಿ. ಆಕ್ಟೇವ್, ಸೈಲ್ಯಾಬ್ ಎರಡರಲ್ಲೂ ಸೈಜ್(ಯು), ನಮ್‌ಪೈಯಲ್ಲಿ ಯು.ಶೇಪ್. ಆಕ್ಟೇವ್‌ನಲ್ಲಿ ಯು(:) ಅಂತ ಬರೆದರೆ ಅದು ಹೇಗೇ ಇದ್ದರೂ ಕಂಬಸಾಲಾಗುತ್ತದೆ. 2*ಯು(:) + 3*ವಿ(:) ಬರೆದರೆ ನಿಮ್ಮ ತೊಂದರೆ ಅಲ್ಲಿಗೆ ಮುಗಿಯಿತು.

ನಮ್‌ಪೈಯಲ್ಲಿ ಒಂದು ವಿಚಿತ್ರವಿದೆ. [1, 2, 3] ಕೊಟ್ಟು ಮಾಡಿದ ಅರೇಯ ಶೇಪ್ (3,) ಅಂತ ಬರುತ್ತದೆ. ಅದು ಅಡ್ಡಸಾಲೂ ಅಲ್ಲ, ಕಂಬಸಾಲೂ ಅಲ್ಲ, ಬರೀ ಮೂರು ಸಂಖ್ಯೆಗಳ ಸರಣಿ. ಅದಕ್ಕೆ ಡಾಟ್ ಟಿ ಹಾಕಿ ಟ್ರಾನ್ಸ್‌ಪೋಸ್ ಮಾಡಿದರೆ ಏನೂ ಬದಲಾಗುವುದಿಲ್ಲ. ಕಂಬಸಾಲೇ ಬೇಕಾದರೆ ರೀಶೇಪ್(-1, 1) ಬಳಸಬೇಕು. ಆಗ ಶೇಪ್ (3, 1) ಆಗುತ್ತದೆ. ಆದರೆ ಒಂದು ವೆಕ್ಟರ್ (3, 1), ಇನ್ನೊಂದು (3,) ಇದ್ದರೆ ಕೂಡಿದಾಗ ಮತ್ತದೇ 3×3 ಮ್ಯಾಟ್ರಿಕ್ಸ್ ಬರುತ್ತದೆ. ಫೈಲಿನಿಂದ ಓದಿದ ವೆಕ್ಟರನ್ನೂ ಕೈಯಲ್ಲಿ ಟೈಪ್ ಮಾಡಿದ ವೆಕ್ಟರನ್ನೂ ಬೆರೆಸಿದಾಗ ಇದು ಆಗಾಗ ಆಗುತ್ತದೆ.

ನಮ್‌ಪೈಯಿಂದ ಎರರ್ ಬಂದಾಗ ಮೆಸೇಜಿನ ಕೊನೆಯ ಸಾಲನ್ನು ಓದಿ. ಮೇಲಿನ ಉದ್ದ ಪುರಾಣ ಆಮೇಲೆ. ಎರಡನ್ನು ಒಟ್ಟಿಗೆ ಬ್ರಾಡ್‌ಕಾಸ್ಟ್ ಮಾಡಲಾಗಲಿಲ್ಲ, ಶೇಪ್‌ಗಳು (3,) (2,) ಅಂತಿದ್ದರೆ ಒಂದು ವೆಕ್ಟರಿನಲ್ಲಿ ಒಂದು ಘಟಕ ಬಿಟ್ಟಿದ್ದೀರಿ ಅಂತ ಅರ್ಥ. (4, 0, 5) ಅನ್ನು [4, 5] ಅಂತ ಬರೆಯುವವರು ಬಹಳ. ಸೊನ್ನೆಯನ್ನೂ ಬರೆಯಲೇಬೇಕು. ಆಕ್ಟೇವ್‌ನಲ್ಲಿ ಎರಡು ಅಡ್ಡಸಾಲನ್ನು ಬರೀ ನಕ್ಷತ್ರ ಹಾಕಿ ಗುಣಿಸಿದರೆ, ಮೊದಲನೆಯದು 1×3, ಎರಡನೆಯದು 1×3, ಇವು ನಾನ್‌ಕನ್‌ಫಾರ್ಮಂಟ್, ಅಂದರೆ ಅಳತೆ ಹೊಂದುತ್ತಿಲ್ಲ, ಅನ್ನುತ್ತದೆ. ಅಲ್ಲಿ ನಕ್ಷತ್ರ ಅಂದರೆ ಮ್ಯಾಟ್ರಿಕ್ಸ್ ಗುಣಾಕಾರ. ನಮ್‌ಪೈಯಲ್ಲಿ ಅದೇ ನಕ್ಷತ್ರ ಘಟಕ ಘಟಕವನ್ನು ಗುಣಿಸಿ (4, 10, 18) ಕೊಡುತ್ತದೆ, ಎರರ್ ಕೊಡುವುದಿಲ್ಲ. ಡಾಟ್ ಪ್ರಾಡಕ್ಟ್ 32 ಬೇಕಾದರೆ ನಮ್‌ಪೈಯಲ್ಲಿ ಯು @ ವಿ, ಆಕ್ಟೇವ್‌ನಲ್ಲಿ ಡಾಟ್(ಯು, ವಿ).

ಆಕ್ಟೇವ್, ಮ್ಯಾಟ್‌ಲ್ಯಾಬ್ ಬಳಸುವವರಿಗೆ ಇನ್ನೊಂದು. [5 -2 1] ಅಂದರೆ ಮೂರು ಸಂಖ್ಯೆ. [5 - 2 1] ಅಂದರೆ ಎರಡೇ, 3 ಮತ್ತು 1. ಮೈನಸ್ ಆದಮೇಲೆ ಒಂದು ಸ್ಪೇಸ್ ಬಿಟ್ಟಿದ್ದಕ್ಕೆ ವೆಕ್ಟರ್ ಮೂರರಿಂದ ಎರಡು ಆಯಾಮಕ್ಕೆ ಇಳಿಯಿತು. ಸ್ಪೇಸ್ ನಂಬಬೇಡಿ, ಅಲ್ಪವಿರಾಮ ಹಾಕಿ.

ಇನ್ನು ನಿಮ್ಮ ಎರಡನೇ ಲೆಕ್ಕ. (7, 8, 9) ಬರಲು ಯು, ವಿಗಳನ್ನು ಎಷ್ಟರಿಂದ ಗುಣಿಸಬೇಕು? ಉತ್ತರ −1 ಮತ್ತು 2. 2ವಿ = (8, 10, 12), ಅದರಿಂದ ಯು ಕಳೆದರೆ (7, 8, 9). ನಮ್‌ಪೈಯ ಲಿನ್‌ಆಲ್ಗ್.ಸಾಲ್ವ್‌ಗೆ ಕೊಟ್ಟಾಗ ಮ್ಯಾಟ್ರಿಕ್ಸ್ ಚೌಕವಾಗಿರಬೇಕು ಎಂಬ ಎರರ್ ಬಂದಿರುತ್ತದೆ. ನಿಮ್ಮ ಹತ್ತಿರ ಇರುವುದು ಮೂರು ಸಮೀಕರಣ, ಎರಡು ಅಜ್ಞಾತ. ಮ್ಯಾಟ್ರಿಕ್ಸ್ 3×2. ಸಾಲ್ವ್‌ಗೆ ಅದು ಆಗದು, ಎಲ್‌ಎಸ್‌ಟಿಎಸ್‌ಕ್ಯೂ ಬಳಸಬೇಕು. ಆಕ್ಟೇವ್‌ನಲ್ಲಾದರೆ ಬ್ಯಾಕ್‌ಸ್ಲ್ಯಾಶ್ ಸಾಕು.

ಆದರೆ ಈ ಎರಡೂ ಯಾವತ್ತೂ ಇಲ್ಲ ಅನ್ನುವುದಿಲ್ಲ. (7, 8, 9) ಬದಲು (1, 0, 0) ಕೊಟ್ಟು ನೋಡಿ. ಯು, ವಿ ಸೇರಿಸಿ (1, 0, 0) ಮಾಡಲು ಸಾಧ್ಯವೇ ಇಲ್ಲ. ಆದರೂ −0.944 ಮತ್ತು 0.444 ಅಂತ ಎರಡು ಸಂಖ್ಯೆ ಬರುತ್ತವೆ. ಅವನ್ನು ವಾಪಸ್ ಹಾಕಿ ಗುಣಿಸಿ ಕೂಡಿದರೆ (0.833, 0.333, −0.167). ಕೇಳಿದ್ದು (1, 0, 0), ಸಿಕ್ಕಿದ್ದು ಇದು. ಯು, ವಿ ಇರುವ ಸಮತಲದಲ್ಲಿ (1, 0, 0)ಗೆ ಎಲ್ಲಕ್ಕಿಂತ ಹತ್ತಿರದ ಬಿಂದುವನ್ನು ಅದು ಹುಡುಕಿಕೊಟ್ಟಿದೆ. ಅದು ಉತ್ತರ ಅಲ್ಲ, ಹತ್ತಿರದ ಉತ್ತರ. ಹಾಗಾಗಿ ಗುಣಾಂಕ ಬಂದ ಮೇಲೆ ಅವನ್ನು ವಾಪಸ್ ಹಾಕಿ ಕೊಟ್ಟ ವೆಕ್ಟರ್ ಬರುತ್ತದಾ ಅಂತ ನೋಡದೆ ರೆಕಾರ್ಡ್ ಪುಸ್ತಕದಲ್ಲಿ ಬರೆಯಲೇಬೇಡಿ.

ವಾಪಸ್ ಹಾಕಿ ನೋಡುವುದರಿಂದ ಇನ್ನೊಂದು ತಪ್ಪೂ ಸಿಕ್ಕಿಬೀಳುತ್ತದೆ. ಎನ್‌ಪಿ.ಅರೇ([ಯು, ವಿ]) ಅಂತ ಬರೆದರೆ ವೆಕ್ಟರ್‌ಗಳು ಅಡ್ಡಸಾಲುಗಳಾಗಿ ಕೂರುತ್ತವೆ. ಗುಣಾಂಕ ಹುಡುಕಲು ಅವು ಕಂಬಸಾಲುಗಳಾಗಿರಬೇಕು. ಮೂರು ಘಟಕದ ಎರಡು ವೆಕ್ಟರ್ ಇದ್ದಾಗ ಅಳತೆ ಹೊಂದದೆ ಎರರ್ ಬರುತ್ತದೆ, ಬಚಾವ್. ಎರಡು ಘಟಕದ ಎರಡು ವೆಕ್ಟರ್ ಇದ್ದರೆ ಬರುವುದಿಲ್ಲ. (1, 2), (3, 4) ಬಳಸಿ (5, 6) ಮಾಡಬೇಕು ಅಂದುಕೊಳ್ಳಿ. ಸರಿಯಾದ ಉತ್ತರ −1, 2. ಅಡ್ಡಸಾಲಾಗಿ ಜೋಡಿಸಿಬಿಟ್ಟರೆ −4, 4.5 ಬರುತ್ತದೆ. ನೋಡಲು ಏನೂ ಅನುಮಾನ ಬರುವುದಿಲ್ಲ. ವಾಪಸ್ ಹಾಕಿದರೆ (9.5, 10). ಕಾಲಮ್‌ಸ್ಟ್ಯಾಕ್ ಬಳಸಿದರೆ ವೆಕ್ಟರ್‌ಗಳು ನೇರ ಕಂಬಸಾಲುಗಳಾಗಿಯೇ ಕೂರುತ್ತವೆ.

ಯು, ವಿ, (7, 8, 9) ಮೂರನ್ನೂ ಹಾಕಿ 3×3 ಮಾಡಿದರೆ ಸಾಲ್ವ್ ನಡೆಯುತ್ತದಲ್ಲ ಅಂತ ನಿಮಗೆ ಅನ್ನಿಸಬಹುದು. ಮೂರನೆಯದು ಮೊದಲೆರಡರಿಂದಲೇ ಬಂದದ್ದು, ಅಂದರೆ ಇವು ಅವಲಂಬಿತ ವೆಕ್ಟರ್‌ಗಳು. ಇಂಥ ಮ್ಯಾಟ್ರಿಕ್ಸ್‌ಗೆ ಕೆಲವು ಸಲ ಸಿಂಗ್ಯುಲರ್ ಎಂಬ ಎರರ್ ಬರುತ್ತದೆ. ಕೆಲವು ಸಲ ಎರರ್ ಬಾರದೆ, ಹದಿನೈದು ಹದಿನಾರು ಅಂಕಿಯ ದೈತ್ಯ ಗುಣಾಂಕಗಳು ಬರುತ್ತವೆ. ಡಿಟರ್ಮಿನಂಟ್ ಸೊನ್ನೆಯಾ ಅಂತ ನೋಡಿ ತೀರ್ಮಾನಿಸಬೇಡಿ. 1ರಿಂದ 9ರವರೆಗಿನ ಈ ಮ್ಯಾಟ್ರಿಕ್ಸ್‌ಗೆ ಸೊನ್ನೆಯ ಬದಲು 10ರ ಘಾತ −16ರ ಆಸುಪಾಸಿನ ಸಂಖ್ಯೆ ಬರುವುದು ಬಹಳ ಸಾಮಾನ್ಯ. ರ‍್ಯಾಂಕ್ ಕೇಳಿ, ಅಂದರೆ ಒಂದರ ಮೇಲೊಂದು ಅವಲಂಬಿಸದ ವೆಕ್ಟರ್ ಎಷ್ಟಿವೆ ಅಂತ. ನಮ್‌ಪೈಯಲ್ಲಿ ಲಿನ್‌ಆಲ್ಗ್.ಮ್ಯಾಟ್ರಿಕ್ಸ್_ರ‍್ಯಾಂಕ್, ಆಕ್ಟೇವ್‌ನಲ್ಲಿ ರ‍್ಯಾಂಕ್. ಇಲ್ಲಿ 2 ಬರುತ್ತದೆ. ಮೂರು ವೆಕ್ಟರ್ ಇದ್ದು ರ‍್ಯಾಂಕ್ 2 ಬಂದರೆ ಅವಲಂಬಿತ. ಅಷ್ಟೇ.

ನೀವು ಇನ್ನೂ ಕೇಳಿಲ್ಲ, ಆದರೆ ಗ್ರಾಮ್–ಶ್ಮಿಟ್ (ವೆಕ್ಟರ್‌ಗಳನ್ನು ಪರಸ್ಪರ ಲಂಬ ಮಾಡುವ ವಿಧಾನ) ಪ್ರೋಗ್ರಾಂ ಬರೆಯುವ ದಿನ ನಿಮಗೆ ಎದುರಾಗುವ ಒಂದು ತೊಂದರೆಯನ್ನು ಈಗಲೇ ಹೇಳಿಬಿಡುತ್ತೇನೆ. ನಮ್‌ಪೈ ಅರೇಗೆ ಬರೀ ಪೂರ್ಣಾಂಕ ಕೊಟ್ಟರೆ ಅದು ಪೂರ್ಣಾಂಕದ ಅರೇ ಆಗುತ್ತದೆ. ಆಮೇಲೆ ಅದರೊಳಗೆ ದಶಾಂಶ ತುಂಬಿದರೆ ದಶಾಂಶ ಭಾಗವನ್ನು ಸದ್ದಿಲ್ಲದೆ ಕತ್ತರಿಸಿಹಾಕುತ್ತದೆ. (1, 1, 0), (1, 0, 1) ತೆಗೆದುಕೊಳ್ಳಿ. ಎರಡನೆಯದರಿಂದ ಮೊದಲನೆಯದರ ಅರ್ಧ ಕಳೆದರೆ (0.5, −0.5, 1). ಇದನ್ನು ಪೂರ್ಣಾಂಕದ ಅರೇಯ ಸಾಲಿನಲ್ಲಿ ಇಟ್ಟರೆ (0, 0, 1) ಆಗಿಬಿಡುತ್ತದೆ. ಈಗ ಲಂಬವಾಗಿದೆಯಾ ಅಂತ ಪರೀಕ್ಷಿಸಿ: (1, 1, 0) ಜೊತೆ ಡಾಟ್ ಪ್ರಾಡಕ್ಟ್ 0! ಪರೀಕ್ಷೆ ಪಾಸ್. ಆದರೆ (0, 0, 1) ನಿಮ್ಮ ಮೂಲ ವೆಕ್ಟರ್‌ಗಳ ಸಮತಲದಲ್ಲೇ ಇಲ್ಲ. ಅವೆರಡನ್ನು ಹೇಗೆ ಸೇರಿಸಿದರೂ ಅದು ಬರುವುದಿಲ್ಲ. ತಪ್ಪು ಉತ್ತರ ಪರೀಕ್ಷೆಯನ್ನೂ ದಾಟಿ ಹೋಯಿತು. ಆದ್ದರಿಂದ ಅರೇ ಮಾಡುವಾಗಲೇ ಡಿಟೈಪ್=ಫ್ಲೋಟ್ ಅಂತ ಹಾಕಿ, ಅಥವಾ ಒಂದು ಸಂಖ್ಯೆಯನ್ನಾದರೂ 1.0 ಅಂತ ಬರೆಯಿರಿ. ಆಕ್ಟೇವ್‌ನಲ್ಲಿ ಈ ಕಾಟ ಇಲ್ಲ. ಅಲ್ಲಿ ಬರೆದ ಸಂಖ್ಯೆ ತಾನಾಗಿಯೇ ಡಬಲ್, ಅಂದರೆ ದಶಾಂಶ ಹಿಡಿಯುವ ಸಂಖ್ಯೆ, ಆಗಿರುತ್ತದೆ.

ಜುಪಿಟರ್ ನೋಟ್‌ಬುಕ್ ಬಳಸುತ್ತಿದ್ದರೆ, ಒಂದೇ ಸೆಲ್ ರನ್ ಮಾಡಿದಾಗೆಲ್ಲ ಉತ್ತರ ಬದಲಾಗುವುದನ್ನೂ ನೋಡಬಹುದು. ಡಬ್ಲ್ಯೂ = ಯು ಅಂತ ಬರೆದರೆ ನಕಲು ಆಗುವುದಿಲ್ಲ, ಒಂದೇ ಅರೇಗೆ ಎರಡು ಹೆಸರು ಆಗುತ್ತದೆ. ಆಮೇಲೆ ಡಬ್ಲ್ಯೂ += ವಿ ಹಾಕಿದರೆ ಯು ಕೂಡ ಬದಲಾಗುತ್ತದೆ. ಮತ್ತೆ ರನ್ ಮಾಡಿದರೆ ಇನ್ನೊಮ್ಮೆ ಬದಲಾಗುತ್ತದೆ. ಡಬ್ಲ್ಯೂ = ಯು.ಕಾಪಿ() ಬರೆಯಿರಿ. ಅನುಮಾನ ಬಂದರೆ ಕರ್ನಲ್ ರೀಸ್ಟಾರ್ಟ್ ಮಾಡಿ ಮೇಲಿನಿಂದ ಎಲ್ಲ ಸೆಲ್ ಓಡಿಸಿ.

ವಾಪಸ್ ಹಾಕಿ ಪರೀಕ್ಷಿಸುವಾಗ ಎರಡು ಸಮ ಚಿಹ್ನೆ ಬಳಸಬೇಡಿ. −1, 2 ಬರಬೇಕಾದ ಕಡೆ 1.9999999999999998 ಬರಬಹುದು. ಆಗ ಸಮ ಇದೆಯಾ ಅಂದರೆ ಇಲ್ಲ ಅನ್ನುತ್ತದೆ. ಇದು ನಿಮ್ಮ ತಪ್ಪಲ್ಲ. ಡಬಲ್ ಸಂಖ್ಯೆಯಲ್ಲಿ ಹಿಡಿಯುವುದೇ ಸುಮಾರು 16 ಅಂಕಿ. 0.1 + 0.2 ಕೂಡ ಕಂಪ್ಯೂಟರಿಗೆ 0.3 ಅಲ್ಲ. ನಮ್‌ಪೈಯಲ್ಲಿ ಆಲ್‌ಕ್ಲೋಸ್ ಇದೆ, ಅದನ್ನು ಬಳಸಿ. ಆಕ್ಟೇವ್‌ನಲ್ಲಿ ಎರಡರ ವ್ಯತ್ಯಾಸದ ನಾರ್ಮ್ (ಉದ್ದ) ತೆಗೆದು 10ರ ಘಾತ −10ಕ್ಕಿಂತ ಕಡಿಮೆ ಇದೆಯಾ ನೋಡಿ.

ದಶಾಂಶದ ಗೊಡವೆಯೇ ಬೇಡ, ಭಿನ್ನರಾಶಿಯಲ್ಲೇ ಉತ್ತರ ಬೇಕು ಅಂದರೆ ಪೈಥಾನ್‌ನ ಸಿಂಪೈ ಲೈಬ್ರರಿ ಅಥವಾ ಸೇಜ್‌ಮ್ಯಾತ್ ಸಾಫ್ಟ್‌ವೇರ್ ಬಳಸಿ. ಆಗ ಮೇಲಿನ −0.944, 0.444 ಬದಲು −17/18, 4/9 ಅಂತ ಸ್ವಚ್ಛವಾಗಿ ಬರುತ್ತದೆ. ಸೇಜ್‌ಮ್ಯಾತ್‌ನಲ್ಲಿ 1/3 ಬರೆದರೆ ಭಿನ್ನರಾಶಿಯಾಗಿಯೇ ಉಳಿಯುತ್ತದೆ. ಸಿಂಪೈಯಲ್ಲಿ ಹಾಗಲ್ಲ. 1/3 ಅಂತ ಬರೆದರೆ ಸಿಂಪೈ ಕೈಗೆ ಹೋಗುವ ಮೊದಲೇ ಪೈಥಾನ್ ಅದನ್ನು 0.333 ಮಾಡಿಬಿಟ್ಟಿರುತ್ತದೆ. ಅಲ್ಲಿ ರ‍್ಯಾಷನಲ್(1, 3) ಅಂತಲೇ ಬರೆಯಬೇಕು.